ಘಟದ ಮುಂದಿಟ್ಟ ಕೀಲಿ

ಇದನ್ನು ಬರೆಯುವ ಹೊತ್ತಿಗೆ ನನ್ನ ಮೊಮ್ಮಗಳು ಪಕ್ಕದ ಕುರ್ಚಿಯಲ್ಲಿ ಕೂತು ಕಂಪ್ಯೂಟರಿನಲ್ಲಿ ಒಂದು ‘ಳ’ ಅಕ್ಷರದ ಹೊಟ್ಟೆ ತಿದ್ದುತ್ತಿದ್ದಾಳೆ. ನನಗೆ ಸಂತೋಷ ತಡೆಯಲಾಗುತ್ತಿಲ್ಲ. ನಡುನಡುವೆ ಪೆನ್ನು ನಿಲ್ಲಿಸಿ ಅವಳನ್ನೇ ನೋಡುತ್ತೇನೆ. ಅವಳು ಇತ್ತ ತಿರುಗದೆಯೇ, “ಮುತ್ಯಾ, ನನ್ನ ಮಾರಿ ನೋಡ್ಕೋತ ಕೂತ್ರ ನಿಮ್ಮ ಬರಿಯೋದು ಮುಗಿಯಂಗಿಲ್ಲ” ಎನ್ನುತ್ತಾಳೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನ್ನಂಥವನಿಗೆ ಇಂಥ ಮೊಮ್ಮಗಳು ಸಿಕ್ಕಿದ್ದು ಯಾವ ಪುಣ್ಯಕ್ಕೋ. ಆದರೆ ಇವಳಿಗೇ ನಾನು ಎಂಟು ದಿನ ಅನ್ಯಾಯ ಮಾಡಿದೆ. ಅದನ್ನು ಬರೆದಿಡದೆ ಹೋದರೆ ಈ ಸಂತೋಷ ನನಗೆ ದಕ್ಕುವುದಿಲ್ಲ ಅನ್ನಿಸಿ ಕೂತಿದ್ದೇನೆ.

ಜಹೀರಾಬಾದಿನ ಹೆದ್ದಾರಿ ಬದಿಯಲ್ಲಿ ನನ್ನದು ರೇಡಿಯಂ ಅಂಗಡಿ. ಗಾಡಿಗಳಿಗೆ ಸ್ಟಿಕರ್ ಅಕ್ಷರ ಕತ್ತರಿಸಿ ಅಂಟಿಸುವ ಅಂಗಡಿಗೆ ಇಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ. ಆದರೆ ನನ್ನ ಜೀವ ಇರುವುದು ಕಲ್ಲಿನ ಕೆಲಸದಲ್ಲಿ. ತಾಂಡೂರಿನ ನೀಲಿ ಕಲ್ಲಿನ ಮೇಲೆ ಹೆಸರು ಕೆತ್ತಬೇಕಾದರೆ ಮೊದಲು ಅಚ್ಚು ಬೇಕು. ನಾನು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ, ಕಟಿಂಗ್ ಮಷಿನ್ನಿಗೆ ಕಳಿಸಿ, ಸ್ಟಿಕರ್ ಹಾಳೆ ಕತ್ತರಿಸುತ್ತೇನೆ. ಹಾಳೆಯನ್ನು ಕಲ್ಲಿಗೆ ಅಂಟಿಸಿದಾಗ ಅಕ್ಷರದ ಜಾಗ ಮಾತ್ರ ತೆರೆದಿರುತ್ತದೆ. ಕಲ್ಲಿನವನು ಅದರ ಅಂಚು ಹಿಡಿದು ಉಳಿ ಹೊಡೆಯುತ್ತಾನೆ. ನಾರಾಯಣಖೇಡದಿಂದ ಕೊಡಂಗಲ್ಲಿನವರೆಗೆ ಗದ್ದುಗೆ, ಗುಡಿ, ಮಠಗಳ ಕಲ್ಲಿನ ಮೇಲೆ ಕನ್ನಡ ಬೇಕಾದರೆ ಜನ ನನ್ನ ಹತ್ತಿರವೇ ಬರುತ್ತಾರೆ. ಪೇಂಟರ್ ಆಗಿದ್ದ ಕಾಲದಲ್ಲಿ ಕುಂಚದಿಂದ ಬರೆದ ನನ್ನ ಅಕ್ಷರಗಳನ್ನೇ ಒಂದೊಂದಾಗಿ ಕಂಪ್ಯೂಟರಿಗೆ ಹಾಕಿದ್ದೆ. ಬೇರೆ ಕಡೆ ಸಿಗುವ ಅಕ್ಷರಗಳ ಗೆರೆ ತೆಳು, ಉಳಿಯ ಪೆಟ್ಟಿಗೆ ಅಂಚು ಸಿಡಿಯುತ್ತದೆ. ನನ್ನವು ಉಳಿಗೆಂದೇ ದಪ್ಪ, ಮೂಲೆ ಗುಂಡು.

ಆ ಅಕ್ಷರಗಳೆಲ್ಲ ಇದ್ದದ್ದು ಒಂದೇ ಹಳೆಯ ಪ್ರೋಗ್ರಾಮಿನಲ್ಲಿ. ಅದು ತೆರೆಯಬೇಕಾದರೆ ಕಂಪ್ಯೂಟರ್ ಡಬ್ಬಿಯ ಹಿಂದೆ, ಪ್ರಿಂಟರ್ ವಯರು ಸಿಕ್ಕಿಸುವ ಜಾಗದಲ್ಲಿ, ಹೆಬ್ಬೆರಳಿನಷ್ಟು ದಪ್ಪದ ಒಂದು ಸಾಮಾನು ಇರಲೇಬೇಕು. ಅದರ ಒಂದು ಮುಖ ಡಬ್ಬಿಗೆ, ಇನ್ನೊಂದು ಮುಖಕ್ಕೆ ವಯರು. ಮಾರಿದವನು ಅದಕ್ಕೆ ಡಾಂಗಲ್ ಅಂದಿದ್ದ. ನಾನು ಕೀಲಿ ಅನ್ನುತ್ತೇನೆ.

ಆ ಕೀಲಿ ಮೂರು ಡಬ್ಬಿ ಕಂಡಿತ್ತು. ಮೊದಲನೆಯದರಲ್ಲಿ ವಿಂಡೋಸ್ ತೊಂಬತ್ತೆಂಟು. ಹಚ್ಚಿದ ಕೂಡಲೇ ಕರಿ ಪರದೆ ಮೇಲೆ ಬಿಳಿ ಅಕ್ಷರ ಓಡುತ್ತಿದ್ದವು. ಕರೆಂಟು ಹೋಗಿ ಬಂದರೆ ನೀಲಿ ಪರದೆ ಹಾಕಿಕೊಂಡು ತನ್ನ ಹೊಟ್ಟೆಯನ್ನು ತಾನೇ ತಪಾಸಣೆ ಮಾಡುತ್ತ ಕೂರುತ್ತಿತ್ತು. ಅಷ್ಟರಲ್ಲಿ ನಾನು ಎದುರಿನ ಹೋಟೆಲಿಗೆ ಹೋಗಿ ಚಹಾ ಕುಡಿದು ಬರುತ್ತಿದ್ದೆ. ಆಮೇಲಿನ ಎರಡು ಡಬ್ಬಿಗಳಲ್ಲಿ ಎಕ್ಸ್‌ಪಿ. ಪರದೆ ತುಂಬ ಹಸಿರು ದಿಬ್ಬ, ನೀಲಿ ಆಕಾಶ. ಶ್ರಾವಣದಲ್ಲಿ ನಮ್ಮ ಕಡೆಯ ಮಡ್ಡಿ ಭೂಮಿ ಹಾಗೇ ಕಾಣುತ್ತದೆ, ಅದಕ್ಕೋ ಏನೋ ನನಗೆ ಬಹಳ ಹಿಡಿಸಿತು. ಅದಾದ ಮೇಲೆ ಸೆವೆನ್ ಬಂತು, ಎಯ್ಟ್ ಬಂತು, ಟೆನ್ ಬಂತು. ನಾನು ಎಕ್ಸ್‌ಪಿ ಬಿಡಲಿಲ್ಲ. ಕಾರಣ, ನನಗೆ ಇಂಗ್ಲಿಷ್ ಓದಲು ಬಾರದು. ಎಡಗಡೆ ಮೇಲಿನಿಂದ ಮೂರನೆಯದು ಒತ್ತು, ಬಂದದ್ದರಲ್ಲಿ ಕೆಳಗಿನಿಂದ ಎರಡನೆಯದು ಒತ್ತು, ಹೀಗೆ ಜಾಗದ ಗುರುತಿನ ಮೇಲೆ ಕಲಿತವನು ನಾನು. ವಿಂಡೋಸ್ ಬದಲಾದಾಗಲೆಲ್ಲ ಗುಂಡಿಗಳ ಜಾಗ ಬದಲಾಗುತ್ತದೆ, ನಾನು ಮತ್ತೆ ಒಂದನೇ ಇಯತ್ತೆಗೆ ಹೋಗಿ ಕೂರಬೇಕು. ಫೈಲುಗಳ ಹೆಸರೂ ಇಂಗ್ಲಿಷಿನಲ್ಲೇ. ಅವನ್ನೂ ಓದುತ್ತಿರಲಿಲ್ಲ, ಮುಖ ನೋಡಿ ಗುರುತು ಹಿಡಿಯುತ್ತಿದ್ದೆ.

ಮೊಮ್ಮಗಳು ಕಾಲೇಜು ಮುಗಿಸಿ, “ಮುತ್ಯಾ, ಅಂಗಡಿ ನಾ ನಡಸ್ತೀನಿ” ಅಂದಳು. ಅವಳಪ್ಪ, ಅಂದರೆ ನನ್ನ ಮಗ, ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಒಂದು ದಿನವೂ ಹಾಗೆ ಅಂದವನಲ್ಲ. ಆ ವಾರವೆಲ್ಲ ನಾನು ಸಿಕ್ಕಸಿಕ್ಕವರಿಗೆ ಅದೇ ಸುದ್ದಿ ಹೇಳಿದೆ. ಬಂದವಳೇ ಅವಳು ಮೊದಲು ಎಕ್ಸ್‌ಪಿ ಮೇಲೆ ಕಣ್ಣು ಹಾಕಿದಳು. ಗಿರಾಕಿಗಳು ಮೊಬೈಲಿನಲ್ಲಿ ತರುವ ಚಿತ್ರ ಅದರಲ್ಲಿ ತೆರೆಯುತ್ತಿರಲಿಲ್ಲ, ಪೆನ್‌ಡ್ರೈವ್ ಹಾಕಿದರೆ ವೈರಸ್ ಬರುತ್ತಿತ್ತು.

“ಮುತ್ಯಾ, ಇದಕ್ಕ ವಯಸ್ಸಾತು.”

“ನನಗೂ ಆಗ್ಯಾದಲ್ಲ ಯವ್ವಾ?”

“ನಿಮ್ಮನ್ನ ಫಾರ್ಮ್ಯಾಟ್ ಮಾಡಾಕ ಬರಂಗಿಲ್ಲ. ಇದನ್ನ ಮಾಡಬಹುದು.”

ದಸರೆಯ ಖಂಡೆ ಪೂಜೆಯ ದಿನ ಹೇಗೂ ಕೆಲಸ ಇಲ್ಲ, ಅವತ್ತೇ ಹೊಸ ವಿಂಡೋಸ್ ಹಾಕುತ್ತೇನೆ ಅಂದಳು. ನಮ್ಮಲ್ಲಿ ಅವತ್ತು ಕಸುಬಿನ ಸಾಮಾನುಗಳನ್ನೆಲ್ಲ ತೊಳೆದು ನವರಾತ್ರಿಗೆ ಮನೆಯಲ್ಲಿ ಕೂರಿಸಿದ ಘಟದ ಮುಂದೆ ಇಡುತ್ತೇವೆ. ಮರುದಿನ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಡುವವರೆಗೆ ಅವನ್ನು ಮುಟ್ಟುವಂತಿಲ್ಲ. ಕುಂಚ, ಸ್ಕೇಲು, ಬ್ಲೇಡು, ಸ್ಟಿಕರ್ ಒತ್ತುವ ರಬ್ಬರು, ಎಲ್ಲ ಮನೆಗೆ ಬರುತ್ತವೆ. ಕಂಪ್ಯೂಟರ್ ಹೊತ್ತು ತರಲಾಗುವುದಿಲ್ಲವಲ್ಲ, ಅದರ ಬದಲಿಗೆ ಅದರ ಕೀಲಿ ತರುವುದು ನಾನು ಮಾಡಿಕೊಂಡ ರೂಢಿ. ಕೀಲಿ ಕಿತ್ತು, ವಯರನ್ನು ಡಬ್ಬಿಗೆ ನೇರ ಸಿಕ್ಕಿಸಿ, ಕೀಲಿಯನ್ನು ಅರಿಷಿಣ ಬಟ್ಟೆಯಲ್ಲಿ ಕಟ್ಟಿ ಘಟದ ಬುಡದಲ್ಲಿ ಇಡುತ್ತಿದ್ದೆ. ಬನ್ನಿ ಕೊಟ್ಟ ಮೇಲೆ ಮೊದಲು ತೆಗೆಯುತ್ತಿದ್ದುದೂ ಅದನ್ನೇ. ಪ್ರತಿ ವರ್ಷ ಯಾರಿಗೂ ಹೇಳದೆ ತಂದು, ಯಾರಿಗೂ ಹೇಳದೆ ಮತ್ತೆ ಸಿಕ್ಕಿಸಿದ್ದೇನೆ.

ಈ ವರ್ಷವೂ ಬೆಳಿಗ್ಗೆಯೇ ಕೀಲಿ ತಂದಿಟ್ಟೆ. ಮಧ್ಯಾಹ್ನ ಮೊಮ್ಮಗಳು ಅಂಗಡಿಗೆ ಹೊರಟಾಗ ನನ್ನಾಕೆ, “ಪೂಜಾದ ದಿನ ಮಷಿನ್ ಮುಟ್ತೀ?” ಅಂದಳು. “ಹೋಗಲಿ ಬಿಡು, ಅದರ ಜೀವ ಇಲ್ಲಿ ಘಟದ ಮುಂದ ಅದ, ಅಲ್ಲಿ ಬರೇ ಡಬ್ಬಿ” ಅಂದೆ ನಾನು. ಇಬ್ಬರೂ ನಕ್ಕರು. ನಾನು ಏನು ಹೇಳಿದೆನೆಂದು ಇಬ್ಬರಿಗೂ ತಿಳಿಯಲಿಲ್ಲ.

ಬನ್ನಿಯ ದಿನ ಬೆಳಿಗ್ಗೆಯಿಂದ ಊರೆಲ್ಲ ಸುತ್ತಿದೆ. ಬನ್ನಿ ಕೊಡುವುದು ನೆಪ. “ನನ್ನ ಮೊಮ್ಮಗಳು ಅಂಗಡಿ ಹಿಡಿದಾಳ” ಎನ್ನುವುದೇ ಮಾತು. ಮನೆಗೆ ಬಂದಾಗ ಘಟ ಎತ್ತಿಯಾಗಿತ್ತು. ಕುಂಚ, ಬ್ಲೇಡು ತಟ್ಟೆಯಲ್ಲಿದ್ದವು. ನಾನು ಹೋಳಿಗೆ ಉಂಡು ಮಲಗಿದೆ. ಕೀಲಿ ನೆನಪಾಗಲೇ ಇಲ್ಲ.

ಮರುದಿನ ಅಂಗಡಿ ತೆರೆದೆವು. ಹೊಸ ವಿಂಡೋಸ್ ಕನ್ನಡಿಯಂತೆ ಹೊಳೆಯುತ್ತಿತ್ತು. ಅವಳು ಹಳೆಯ ಪ್ರೋಗ್ರಾಮನ್ನು ಅದರ ಸಿ.ಡಿ.ಯಿಂದ ಮತ್ತೆ ಹಾಕಿ ತೆರೆದಳು. ಸಣ್ಣದೊಂದು ಚೌಕ ಬಂತು, ಪ್ರೋಗ್ರಾಂ ಮುಚ್ಚಿಕೊಂಡಿತು.

“ಪರವಾನಗಿ ಸಿಗವಲ್ದು ಅಂತ ಬರಾಕತ್ತದ ಮುತ್ಯಾ.”

ಕೀಲಿ ಘಟದ ಬುಡದಲ್ಲೇ ಉಳಿದದ್ದು ಆಗ ನೆನಪಾಯಿತು. ಚಪ್ಪಲಿ ಮೆಟ್ಟಿ ಮನೆಗೆ ಓಡಿದೆ. ಘಟದ ಬುಡದಲ್ಲಿದ್ದ ಹೂವು ಪತ್ರಿ ಏನು ಮಾಡಿದೆ ಎಂದು ನನ್ನಾಕೆಯನ್ನು ಕೇಳಿದೆ. “ನಿನ್ನೆನೇ ಕೆರಿಗಿ ಬಿಟ್ಟು ಬಂದೇವ್ರಿ” ಅಂದಳು. ಯಾಕೆ ಕೇಳಿದಿರಿ ಎಂದು ಕೇಳಿದಳು. ಸುಮ್ಮನೆ ಅಂದೆ.

ಕೆರೆಗೆ ಹೋಗಿ ನೋಡಿದೆ. ಜೊಂಡು, ಕೆಸರು, ಊರಿನ ಅಷ್ಟೂ ಮನೆಗಳ ಹೂವು. ಅಂಗಡಿಗೆ ವಾಪಸು ಬರುವಾಗ ಹೇಳಿಬಿಡಬೇಕು ಅಂದುಕೊಂಡೇ ಬಂದೆ. ಬಾಗಿಲಲ್ಲಿ ಮಗ ನಿಂತಿದ್ದ.

“ಹಳೇದು ಬೇಷ್ ನಡೀತಿತ್ತು. ಇಕಿ ಕೈ ಹಾಕಿ ಹಾಳ ಮಾಡ್ಯಾಳ. ಖರೇ ಹೌದಿಲ್ಲಪ್ಪಾ?”

ನಾನು ತಲೆ ಆಡಿಸಿದೆ. ಇಲ್ಲ ಎಂದು ಆಡಿಸಲಿಲ್ಲ.

ಇಷ್ಟೇ ನನ್ನ ತಪ್ಪು ಎಂದು ಯಾರಾದರೂ ಅಂದಾರು. ಇನ್ನೂ ಇದೆ. ಅವಳು ಹಳೆಯ ಪ್ರೋಗ್ರಾಮಿಗೆ ‘ನೀನು ಎಕ್ಸ್‌ಪಿಯಲ್ಲೇ ಇದ್ದೀ’ ಎಂದು ನಂಬಿಸುವ ಒಂದು ಉಪಾಯ ಮಾಡಿದಳು, ಆಗಲಿಲ್ಲ. ಹೊಸ ವಿಂಡೋಸ್ ತೆಗೆದು ಮತ್ತೆ ಎಕ್ಸ್‌ಪಿಯನ್ನೇ ಹಾಕಿದಳು; ಹಸಿರು ದಿಬ್ಬ ಬಂತು, ಪ್ರೋಗ್ರಾಂ ಬರಲಿಲ್ಲ. ಡಬ್ಬಿಯ ಹಿಂದೆ ಬಗ್ಗಿ ನೋಡಿದಳು, ವಯರು ಸರಿಯಾಗಿ ಸಿಕ್ಕಿಸಿತ್ತು. ಕೀಲಿ ಒಂದಿತ್ತು ಎಂಬುದೇ ಅವಳಿಗೆ ಗೊತ್ತಿಲ್ಲ, ಇಲ್ಲ ಎಂದು ಹೇಗೆ ಕಂಡೀತು? ನಾನು ಹಿಂದೆ ಕೂತು ನೋಡುತ್ತಿದ್ದೆ. ಅಕ್ಷರಗಳ ಫೈಲುಗಳೆಲ್ಲ ಸುರಕ್ಷಿತವಾಗಿದ್ದವು, ಅವಳು ಮೊದಲೇ ಬೇರೆ ಕಡೆ ಎತ್ತಿಟ್ಟಿದ್ದಳು. ಬೇರೆ ಯಾವ ಪ್ರೋಗ್ರಾಂ ಮುಂದಿಟ್ಟರೂ ಅವು ತೆರೆಯಲಿಲ್ಲ.

ಅದರ ಮೇಲೆ ಸಿರ್ಗಾಪುರದ ರೈತರೊಬ್ಬರ ಕೆಲಸ ಒಪ್ಪಿಕೊಂಡಿದ್ದೆವು. ಅವರ ತಾಯಿಯ ಗದ್ದುಗೆಯ, ಅಂದರೆ ಸಮಾಧಿಯ ಕಲ್ಲು. ಕಾರ್ತಿಕದಲ್ಲಿ ವರ್ಷದ ಪೂಜೆ, ಅಷ್ಟರಲ್ಲಿ ಕೂರಿಸಬೇಕು. ಕಲ್ಲು ತಾಂಡೂರಿನಲ್ಲಿ ನುಣುಪಾಗಿ ಕಾಯುತ್ತಿತ್ತು.

ಆರನೆಯ ದಿನ ಮೊಮ್ಮಗಳು ನನ್ನ ಕಾಲು ಮುಟ್ಟಿದಳು. “ತಪ್ಪು ನಂದದ ಮುತ್ಯಾ. ನಿಮ್ಮ ಜನ್ಮದ ಅಕ್ಷರ ಕಳದೀನಿ. ನನ್ನ ಕೈ ಚಲೋ ಇಲ್ಲ, ನಾಳಿಂದ ಅಂಗಡಿಗಿ ಬರಂಗಿಲ್ಲ.”

ನಾನು ಅವಳ ತಲೆ ಮೇಲೆ ಕೈಯಿಟ್ಟು “ಇರಲಿ ಬಿಡವ್ವಾ” ಅಂದೆ. ನನ್ನ ತಪ್ಪಿಗೆ ಅವಳನ್ನು ಕ್ಷಮಿಸಿದೆ. ಆ ಕೈ ಇದೇ ಕೈ. ಈಗಲೂ ಊಟಕ್ಕೆ ಕೂತಾಗ ಒಮ್ಮೊಮ್ಮೆ ಅದನ್ನು ನೋಡುತ್ತೇನೆ.

ಮರುದಿನ ಅವಳು ನಿಜಕ್ಕೂ ಬರಲಿಲ್ಲ. ನಾನು ಒಬ್ಬನೇ ಕಂಪ್ಯೂಟರ್ ರಿಪೇರಿಯವನ ಹತ್ತಿರ ಹೋದೆ. ಆತ ತಾನಾಗಿ ಕೆದಕಿ ಕೇಳುವವನಲ್ಲ, ಅದಕ್ಕೇ ಹೇಳಲು ಆಯಿತೋ ಏನೋ. ಪೂರ್ತಿ ಕೇಳಿ ಆತ ಸ್ಕ್ರೂಡ್ರೈವರ್ ಕೆಳಗಿಟ್ಟ.

“ಚಾಚಾ, ಕೀಬೋರ್ಡಿಗಿ ಕುಂಕುಮ ಸುರದವರನ್ನ ನೋಡೀನಿ. ಮಾನಿಟರ್ ಮುಂದ ತೆಂಗಿನಕಾಯಿ ಒಡದವರನ್ನ ನೋಡೀನಿ. ಕೀಲಿನೇ ಕೆರಿಗಿ ಬಿಟ್ಟವರು ನೀವೇ ಪಹಿಲಾ.”

“ಹೊಸಾದು ಸಿಗತದೇನು?”

“ಎಲ್ಲಿ ಸಿಗಬೇಕ್ರಿ? ಮಾಡಿದ ಕಂಪನಿನೇ ಬಂದ್ ಆಗಿ ಹೋಗ್ಯಾದ. ತೊಂಬತ್ತೆಂಟು ಹೋತು, ಎಕ್ಸ್‌ಪಿ ಹೋತು, ನಾಳಿ ಇದೂ ಹೋಗತದ. ಮನಿ ಬದಲಿ ಮಾಡೋದು ಏನ್ ದೊಡ್ಡ ಮಾತಲ್ಲ ಚಾಚಾ. ನೀವು ನಿಮ್ಮ ಸಾಮಾನೆಲ್ಲಾ ಒಂದೇ ಸಂದೂಕದಾಗ ಇಟ್ಟೀರಿ, ಅದರ ಕೀಲಿ ಒಂದೇ ಇತ್ತು. ಗಲತ್ ಆಗಿದ್ದು ಅಲ್ಲಿ.” ಸ್ಕ್ರೂಡ್ರೈವರ್ ಮತ್ತೆ ಎತ್ತಿಕೊಂಡು ಕೇಳಿದ, “ಆ ಅಕ್ಷರ ಎಲ್ಲಾ ಕಲ್ಲಿನ ಮ್ಯಾಲ ಇನ್ನೂ ಅವ ಅಲ್ಲ?”

ಅಲ್ಲಿಂದ ಮನೆಯವರೆಗೆ ನಾನು ಅದೊಂದೇ ಮಾತು ಹಿಡಿದು ಬಂದೆ. ಹೌದಲ್ಲ. ಫೈಲು ಮುಚ್ಚಿಕೊಂಡಿದೆ, ಕಲ್ಲು ಮುಚ್ಚಿಕೊಂಡಿಲ್ಲ.

ಎಂಟನೆಯ ದಿನ ಮೊಮ್ಮಗಳಿಗೆ ತಾಂಡೂರಿಗೆ ಹೋಗೋಣ ಬಾ ಅಂದೆ. ತಪ್ಪು ಮಾಡಿದವಳಂತೆ ಹೊರಟಳು. ಗಾಳಿಪಟದ ತೆಳು ಕಾಗದ, ಬಟ್ಟೆಯಲ್ಲಿ ಕಟ್ಟಿದ ಇದ್ದಿಲ ಪುಡಿ, ಸ್ಕೇಲು ತೆಗೆದುಕೊಂಡೆವು. ಕೆತ್ತಿದ ಕಲ್ಲಿನ ಮೇಲೆ ಕಾಗದ ಹಾಸಿ ಇದ್ದಿಲ ಗಂಟನ್ನು ಹಗುರಾಗಿ ಒರೆಸಿದರೆ ಮೇಲ್ಮೈ ಕಪ್ಪಾಗುತ್ತದೆ, ತೋಡಿದ ಅಕ್ಷರ ಬೆಳ್ಳಗೆ ಎದ್ದು ನಿಲ್ಲುತ್ತದೆ.

ಕಲ್ಲಿನವನ ಅಂಗಳದಲ್ಲಿ ಸಾಗಿಸುವಾಗ ಒಡೆದ, ಮೂಲೆ ಮುರಿದ ನನ್ನ ಕಲ್ಲುಗಳು ನೆಲಹಾಸಾಗಿ ಬಿದ್ದಿದ್ದವು. ಆತ ನನಗಿಂತ ನಾಲ್ಕು ವರ್ಷ ದೊಡ್ಡವನು. ನಾವು ಮೊಣಕಾಲೂರಿ ಒರೆಸುವುದನ್ನು ನೋಡುತ್ತ ನಿಂತ.

“ಪೇಂಟರ್ ಸಾಬ್, ನಿಮ್ಮ ಅಕ್ಷರನೇ ನೀವು ಕಳವು ಮಾಡಾಕತ್ತೀರಲ್ಲ? ಕಂಪ್ಯೂಟರಿಗಿ ಏನಾತು?”

ನಾನು ಬಾಯಿ ತೆರೆಯುವ ಮೊದಲೇ ಮೊಮ್ಮಗಳು ಅಂದಳು, “ನಾ ಹಾಳ ಮಾಡೀನ್ರಿ. ಹೊಸ ಸಿಸ್ಟಮ್ ಹಾಕಾಕ ಹೋಗಿ.” ಒರೆಸುವ ಕೈ ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ. ಎಷ್ಟು ಸಲ ಹೇಳಿ ರೂಢಿಯಾಗಿತ್ತೋ, ತನ್ನ ಹೆಸರು ಹೇಳಿದಷ್ಟು ಸಲೀಸಾಗಿ ಹೇಳಿದಳು.

ಅದನ್ನು ನನ್ನಿಂದ ಕೇಳಲಾಗಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತೆ. ಕೀಲಿ, ಅರಿಷಿಣ ಬಟ್ಟೆ, ಘಟ, ಕೆರೆ, ಎಲ್ಲ ಹೇಳಿದೆ. ಅವಳು ನೋಡುತ್ತಿದ್ದುದರಿಂದ ಕಲ್ಲಿನವನ ಕಡೆ ಮುಖ ಮಾಡಿ ಹೇಳಿದೆ. ಆತ ಬೀಡಿ ಹಚ್ಚಲು ತೆಗೆದವನು ಹಾಗೇ ಜೇಬಿಗೆ ಹಾಕಿ, “ನೀವು ಮಾತಾಡ್ರಿ” ಎಂದು ಒಳಗೆ ಹೋದ.

ಅವಳು ಹಿಡಿದಿದ್ದ ಹಾಳೆ ಮುಗಿಸಿದಳು. ಇನ್ನೊಂದು ಹಾಸಿದಳು, ಅದನ್ನೂ ಮುಗಿಸಿದಳು. ಬಸ್ಸಿನಲ್ಲಿ ಕಿಟಕಿ ಕಡೆ ಕೂತಳು. ಪೆದ್ದೆಮುಲ್ ದಾಟಿತು. ತೊಗರಿ ಹೊಲಗಳು ಹಳದಿಯಾಗಿ ಹೂ ಬಿಟ್ಟಿದ್ದವು, ನನಗೆ ಅರಿಷಿಣ ಬಟ್ಟೆಯ ಆ ಬಣ್ಣ ನೋಡಲಾಗಲಿಲ್ಲ.

ಕೊನೆಗೆ ಅಂದಳು. “ಎಂಟು ದಿನ, ಮುತ್ಯಾ. ನಡುವ ನನ್ನ ಕೈಲೆ ಕಾಲ್ ಮುಟ್ಟಿಸ್ಕೊಂಡ್ರಿ.”

“ಹೂಂ ಯವ್ವಾ.”

“ಮ್ಯಾಲ ಆಶೀರ್ವಾದ ಬ್ಯಾರೆ ಮಾಡಿದ್ರಿ.”

ಅವಳು ಮತ್ತೆ ಕಿಟಕಿಗೆ ಮುಖ ಹಾಕಿ, “ಅಪ್ಪನ ಮುಂದ ನೀವೇ ಹೇಳಬೇಕು. ಇವತ್ತೇ” ಅಂದಳು.

ಹೇಳಿದೆ. ಮಗ ನನ್ನನ್ನೇ ನೋಡಿದ. ಬೈದಿದ್ದರೆ ಹಗುರಾಗುತ್ತಿತ್ತು. ಆತ ಎದ್ದು ಮಗಳ ಮುಂದೆ ನೀರಿನ ತಂಬಿಗೆ ಇಟ್ಟ, ಅಷ್ಟೇ. ನನ್ನಾಕೆ ಮಾತ್ರ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು, “ಅಯ್ಯ, ಕೈಗಿ ಏನೋ ಗಟ್ಟಿ ಹತ್ತಿತ್ತು ನೋಡ್ರಿ. ಅರಿಷಿಣ ಕೊಂಬು ಅಂತ ತಿಳಕೊಂಡೆ. ನಮಸ್ಕಾರ ಮಾಡಿ ಬಿಟ್ಟೀನಿ” ಅಂದಳು. ಮೊಮ್ಮಗಳಿಗೆ ಅದು ಕೇಳಿ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಆ ನಗುವಿನಲ್ಲಿ ಸೇರುವ ಧೈರ್ಯ ನನಗಿರಲಿಲ್ಲ.

ಮರುದಿನ ಬೆಳಿಗ್ಗೆ ನನಗಿಂತ ಮೊದಲೇ ಅಂಗಡಿ ಬಾಗಿಲು ತೆರೆದಿತ್ತು. ಹೊಸ ವಿಂಡೋಸ್ ಮತ್ತೆ ಬಂದು ಕೂತಿತ್ತು.

ಅಲ್ಲಿಂದ ಕೆಲಸ ಶುರು. ನಾರಾಯಣಖೇಡದ ಗುಡಿಯೊಂದರ ಕಲ್ಲು, ಎರಡು ಹಳ್ಳಿಗಳ ಗದ್ದುಗೆಗಳು, ಕೊಡಂಗಲ್ ದಾರಿಯ ಒಂದು ಬಾವಿಕಟ್ಟೆ. ಎಲ್ಲ ಕಡೆಯಿಂದ ಹಾಳೆ ತಂದೆವು. ಅವಳು ಹಾಳೆಯ ಪಕ್ಕ ಸ್ಕೇಲು ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆದು ಕಂಪ್ಯೂಟರಿಗೆ ಹಾಕಿದಳು. ಈ ಸಲದ ಪ್ರೋಗ್ರಾಮಿಗೆ ಕೀಲಿಯೇ ಬೇಡ. ಯಾರ ಡಬ್ಬಿಯಲ್ಲೂ, ಯಾವ ವಿಂಡೋಸಿನಲ್ಲೂ ತೆರೆಯುತ್ತದಂತೆ. ಅದು ಅಕ್ಷರದ ಅಂಚು ಹುಡುಕಿ ಗೆರೆ ಎಳೆಯುತ್ತದೆ. ಆದರೆ ಉಳಿಯ ಪ್ರತಿ ಚಕ್ಕೆಯನ್ನೂ ಹಿಡಿಯುತ್ತದೆ, ಒಂದು ‘ಕ’ದ ಸುತ್ತ ಇರುವೆ ಸಾಲಿನಂತೆ ಚುಕ್ಕೆ. ಅಷ್ಟು ಚುಕ್ಕೆ ಇದ್ದರೆ ಮಷಿನ್ನಿನ ಬ್ಲೇಡು ನಡುಗಿ ಹಾಳೆ ಹರಿಯುತ್ತದೆ. ಅವಳು ಒಂದೊಂದೇ ಚುಕ್ಕೆ ಅಳಿಸಿ, ತಿರುವಿಗೊಂದು ಮಾತ್ರ ಉಳಿಸಿದಳು. ಎಲ್ಲಿ ಉಳಿಸಬೇಕೆಂದು ನಾನು ಪರದೆಯ ಮೇಲೆ ಬೆರಳಿಟ್ಟು ತೋರಿಸಿದೆ. “ಪರದಿಗಿ ಬೆರಳು ಹತ್ತಿಸಬ್ಯಾಡ್ರಿ” ಎಂದು ದಿನಕ್ಕೆ ಹತ್ತು ಸಲ ಬೈಸಿಕೊಂಡೆ.

ಕಲ್ಲುಗಳ ಮೇಲೆ ಎಲ್ಲ ಅಕ್ಷರ ಸಿಗುವುದಿಲ್ಲ. ಯಾರ ಹೆಸರಿನಲ್ಲಿ ‘ಝ’ ಇರುತ್ತದೆ? ಸಿಗದವನ್ನು ಕುಂಚದಿಂದ ಹೊಸದಾಗಿ ಬರೆದೆ. ಹತ್ತು ಬರೆದು ಒಂದು ಆರಿಸಿದೆವು.

ಮೊದಲ ಕಟಿಂಗ್ ಕೆಟ್ಟಿತು. ಹಾಳೆ ಅರ್ಧಕ್ಕೆ ಬಂದಾಗ ಹೊಸ ವಿಂಡೋಸ್ ತನಗೆ ತಾನೇ ಅಪ್‌ಡೇಟ್ ಮಾಡಿಕೊಳ್ಳಲು ಬಂದ್ ಆಗಿ ಮತ್ತೆ ಎದ್ದಿತು. ತೊಂಬತ್ತೆಂಟಾದರೂ ಕರೆಂಟು ಹೋದರೆ ಮಾತ್ರ ಹಾಗೆ ಮಾಡುತ್ತಿತ್ತು. ಅವಳು ನನ್ನ ಮುಖ ನೋಡಿದಳು, ನಾನು ಬೈಯುತ್ತೇನೋ ಎಂಬಂತೆ. ಹೆದರಿದ ಆ ಕಣ್ಣು ನಾನು ಕೊಟ್ಟದ್ದು. “ಹಾಳಿ ಹೋದ್ರ ಹೋಗ್ಲಿ, ಹೊಸಾದು ಹಾಕು” ಅಂದೆ. ಅಂಗಡಿ ತೆರೆದಿರುವ ಹೊತ್ತಿನಲ್ಲಿ ಅಪ್‌ಡೇಟ್ ಆಗದಂತೆ ಅದಕ್ಕೆ ಸಮಯ ಕಟ್ಟಿದಳು. ಎರಡನೆಯ ಹಾಳೆ ಒಂದು ಅಂಚೂ ಹರಿಯದೆ ಹೊರಬಂತು.

ಸಿರ್ಗಾಪುರದ ಕಲ್ಲು ಪೂಜೆಗೆ ಎರಡು ದಿನ ಮೊದಲೇ ಕೂತಿತು. ಆ ರೈತರು ಕಲ್ಲಿನ ಮುಂದೆ ಕೂತು ತಾಯಿಯ ಹೆಸರಿನ ಮೇಲೆ ಬೆರಳಾಡಿಸಿ, “ನಿಮ್ಮ ಹಳೇ ಕಲ್ಲಿಗಿಂತ ಅಕ್ಷರ ಚಂದ ಬಂದಾವ್ರಿ” ಅಂದರು. ನಾನು ಮೊಮ್ಮಗಳನ್ನು ಮುಂದೆ ತಳ್ಳಿ, “ಇಕಿ ಮಾಡ್ಯಾಳ” ಅಂದೆ. ಊರು ತುಂಬ ಹೇಳಿದೆ. ಹೇಳುವಾಗಲೆಲ್ಲ ತಲೆ ಆಡಿಸಿದ ಆ ಗಳಿಗೆಯೂ ಜೊತೆಗೇ ಬರುತ್ತದೆ.

ಊರಿಗೆ ಬಂದ ಮೇಲೆ ಅವಳು ಅಕ್ಷರಗಳನ್ನು ಮೂರು ಕಡೆ ಇಟ್ಟಳು: ಡಬ್ಬಿಯಲ್ಲಿ, ಪೆನ್‌ಡ್ರೈವಿನಲ್ಲಿ, ತನ್ನ ಮೊಬೈಲಿನಲ್ಲಿ. ಆಮೇಲೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, “ಈಗ ನೀವೇ ತೆಗೀರಿ” ಅಂದಳು. ಗುಂಡಿಗಳ ಜಾಗ ಗೊತ್ತಿಲ್ಲ, ಮುಖ ಗೊತ್ತಿಲ್ಲ. ನಾನು ಪರದೆ ಮೇಲೆಲ್ಲ ಕಣ್ಣಾಡಿಸಿದೆ.

“ಓದ್ರಿ ಮುತ್ಯಾ. ಇದಕ್ಕ ಕನ್ನಡ ಬರತದ.”

ನೋಡಿದರೆ ಹಳದಿ ಚೀಲದಂಥ ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಕನ್ನಡವೇ ಇತ್ತು. ಇಷ್ಟು ವರ್ಷ ಮೂರು ಡಬ್ಬಿಗಳ ಮುಂದೆ ಕೂತಿದ್ದೇನೆ, ಪರದೆಯ ಮೇಲೆ ಒಂದು ಫೈಲಿನ ಹೆಸರನ್ನು ನಾನೇ ಓದಿದ್ದು ಅದೇ ಮೊದಲು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಈ ಸಲ ಬೆರಳಿಗೆ ಅವಳು ಬೈಯಲಿಲ್ಲ.

‘ಮುತ್ಯಾನ ತಪ್ಪು’ ಎಂದಿತ್ತು.

“ಬ್ಯಾಡಂದ್ರ ಬದಲಿ ಮಾಡ್ತೀನಿ” ಅಂದಳು.

ಬೇಡ, ಇರಲಿ ಅಂದೆ. ದಿನಾ ಬೆಳಿಗ್ಗೆ ಅಂಗಡಿ ತೆರೆದು ಅದನ್ನೇ ಒತ್ತಿ ಕೆಲಸ ಶುರು ಮಾಡುತ್ತೇನೆ. ಒತ್ತಿದ ಕೂಡಲೇ ತೆರೆಯುತ್ತದೆ.